ತೋಟದ ದಾರಿಯಲ್ಲಿ ಮೂವತ್ತು ಕಿಲೋಮೀಟರ್: ಮೂಡಿಗೆರೆ ಸೀಮೆಯ ಒಂದು ಓಟದ ವಿಮರ್ಶೆ

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ ಅಕ್ಟೋಬರ್ ಕೊನೆಯ ಭಾನುವಾರ ನಡೆಯುವ ಮೂವತ್ತು ಕಿಲೋಮೀಟರ್ ಟ್ರೇಲ್ ಓಟಕ್ಕೆ, ಅಂದರೆ ಹೆಚ್ಚಾಗಿ ಮಣ್ಣಿನ ಕಾಲುದಾರಿಯಲ್ಲಿ ಓಡುವ ಓಟಕ್ಕೆ, ನಾನು ಮೂರು ವರ್ಷಗಳಿಂದ ಹೋಗುತ್ತಿದ್ದೇನೆ. ಮೊದಲ ವರ್ಷ ಓಡಿದೆ. ಎರಡನೆಯ ವರ್ಷ ಮೊಣಕಾಲು ಕೈಕೊಟ್ಟ ಕಾರಣ ಹೆಸರು ಹಿಂತೆಗೆದುಕೊಂಡು, ಮನೆಯಲ್ಲಿ ಸುಮ್ಮನೆ ಕೂರಲಾರದೆ, ದಾರಿ ಸರಿಪಡಿಸುವ ಸ್ವಯಂಸೇವಕರ ಜೊತೆ ಸೇರಿಕೊಂಡೆ. ಈ ವರ್ಷ ಮತ್ತೆ ಓಡಿದೆ. ಈ ವಿಮರ್ಶೆಯನ್ನು ಬರೆಯುವ ಧೈರ್ಯ ಬಂದದ್ದು ಆ ನಡುವಿನ ವರ್ಷದಿಂದ. ಓಡುವವನಿಗೆ ಕಾಣುವುದು ಏರು, ಇಳಿಜಾರು ಮತ್ತು ಮುಂದಿನ ನೀರಿನ ಜಾಗ. ಆ ದಾರಿ ಯಾರದು, ಅದು ಓಡುವ ಸ್ಥಿತಿಯಲ್ಲಿ ಇರುವುದಾದರೂ ಹೇಗೆ ಎಂಬುದು ಹಾರೆ ಹಿಡಿದ ಮೇಲೆಯೇ ನನಗೆ ತಿಳಿದದ್ದು. ಇದನ್ನು ನಡೆಸುವವರು ದೊಡ್ಡ ಕಂಪನಿಯವರಲ್ಲ, ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಕೆಲವು ಬೆಳೆಗಾರರು ಮತ್ತು ಶಿಕ್ಷಕರು. ಅವರ ತಪ್ಪುಗಳನ್ನೂ ಮುಚ್ಚಿಡದೆ ಬರೆಯುತ್ತಿರುವುದರಿಂದ ಓಟದ ಹೆಸರನ್ನು ಹಾಕಿಲ್ಲ. ಒಮ್ಮೆ ಓಡಿದವರಿಗೆ ಗುರುತು ಹತ್ತುವುದು ಕಷ್ಟವಲ್ಲ.

ಮೊದಲು ಹಣದ ವಿಷಯ ಮುಗಿಸುತ್ತೇನೆ. ಪ್ರವೇಶ ಶುಲ್ಕ 1,800 ರೂಪಾಯಿ. ಅದಕ್ಕೆ ಎದೆಗೆ ಕಟ್ಟುವ ಬಟ್ಟೆಯ ನಂಬರು, ದಾರಿಯಲ್ಲಿ ಮೂರು ಕಡೆ ನೀರು ಮತ್ತು ತಿನಿಸು, ಓಟ ಮುಗಿದ ಮೇಲೆ ಹೊಟ್ಟೆ ತುಂಬ ತಿಂಡಿ, ಮತ್ತು ಕಾಲು ಕಿಲೋ ಕಾಫಿ ಪುಡಿ ಸಿಗುತ್ತದೆ. ಪದಕವಿಲ್ಲ, ಟಿ-ಶರ್ಟ್ ಇಲ್ಲ. ನಗರದಲ್ಲಿ ಡಾಂಬರು ರಸ್ತೆಯ ಮೇಲೆ ಹತ್ತು ಕಿಲೋಮೀಟರ್ ಓಡಿಸಿ, ಕುತ್ತಿಗೆಗೊಂದು ತಗಡಿನ ಬಿಲ್ಲೆ ಹಾಕಿ ಕಳಿಸುವ ಓಟಗಳ ಶುಲ್ಕಕ್ಕೆ ಹೋಲಿಸಿದರೆ ಇದು ದುಬಾರಿಯಲ್ಲ. ನನ್ನ ಮನೆಯ ಮೊಳೆಯಲ್ಲಿ ಹನ್ನೊಂದು ಬಿಲ್ಲೆಗಳು ನೇತಾಡುತ್ತಿವೆ, ಅವುಗಳಲ್ಲಿ ಯಾವುದು ಯಾವ ಊರಿನದೆಂದು ನನಗೇ ನೆನಪಿಲ್ಲ. ಕಾಫಿ ಪುಡಿ ಮಾತ್ರ, ಚಿಕೋರಿ ಬೆರೆಸದ ಅರೇಬಿಕಾ ಆದ್ದರಿಂದ, ನವೆಂಬರ್ ಮುಗಿಯುವವರೆಗೆ ಮನೆಮಂದಿಯ ನೆನಪಿನಲ್ಲಿರುತ್ತದೆ. ಓಟಗಾರರ ಸಂಖ್ಯೆಯನ್ನು ನೂರ ನಲವತ್ತಕ್ಕೆ ನಿಲ್ಲಿಸುತ್ತಾರೆ. ಅದಕ್ಕಿಂತ ಹೆಚ್ಚು ಕಾಲುಗಳನ್ನು ಆ ಮಣ್ಣು ಒಂದೇ ಬೆಳಿಗ್ಗೆ ತಾಳಲಾರದು ಎಂಬುದು ಅವರ ಲೆಕ್ಕ, ಮತ್ತು ನನ್ನ ಅನುಭವದ ಮಟ್ಟಿಗೆ ಆ ಲೆಕ್ಕ ಸರಿ.

ಈಗ ದಾರಿಯ ವಿಷಯ. ಮೂವತ್ತು ಕಿಲೋಮೀಟರಿನಲ್ಲಿ ಏಳು ತೋಟಗಳು, ಎರಡು ಹಳ್ಳಿಗಳ ಗದ್ದೆಬಯಲು, ಒಂದು ದೇವಸ್ಥಾನದ ಜಮೀನು ಬರುತ್ತವೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲವಾದ್ದರಿಂದ ಕಾಡಿನ ಗಡಿಯನ್ನು ಒಂದು ಕಡೆಯೂ ದಾಟದ ಹಾಗೆ ದಾರಿಯನ್ನು ಹೆಣೆದಿದ್ದಾರೆ. ಹಾಗಾಗಿ ಇದು ಸಾರ್ವಜನಿಕ ದಾರಿಯಲ್ಲ, ಎರವಲು ದಾರಿ. ವರ್ಷದ ಉಳಿದ ದಿನ ಬೀಗ ಹಾಕಿರುವ ಗೇಟುಗಳು ಆ ಒಂದು ಬೆಳಿಗ್ಗೆ ತೆರೆದಿರುತ್ತವೆ. ಒಬ್ಬ ಸಾಹುಕಾರರು ಮುನಿಸಿಕೊಂಡರೆ ನಾಲ್ಕು ಕಿಲೋಮೀಟರ್ ದಾರಿಯೇ ಮಾಯವಾಗುತ್ತದೆ. ನಾನು ಮೊದಲ ವರ್ಷ ಓಡಿದ ದಾರಿಯಲ್ಲಿ ಎಂಟನೆಯ ತೋಟವೊಂದಿತ್ತು. ಅಲ್ಲಿ ಯಾರೋ ಓಟಗಾರರು ಓಡುವಾಗ ಶಕ್ತಿಗೆಂದು ಸೇವಿಸುವ ಜೆಲ್ ಕುಡಿದು ಬಿಸಾಡಿದ್ದ ಪೊಟ್ಟಣಗಳು ತೊಟ್ಟಿಲು ಗುಂಡಿಗಳಲ್ಲಿ ಸಿಕ್ಕಿದವೆಂದು ಮರುವರ್ಷ ಆ ಗೇಟು ತೆರೆಯಲಿಲ್ಲ. ತೊಟ್ಟಿಲು ಗುಂಡಿ ಎಂದರೆ ಕಾಫಿ ಗಿಡಗಳ ಸಾಲಿನ ನಡುವೆ, ಮಳೆನೀರು ಮಣ್ಣನ್ನು ಹೊತ್ತೊಯ್ಯದೆ ನಿಂತು ಇಂಗಲಿ ಎಂದು ತೋಡುವ ಉದ್ದನೆಯ ತಗ್ಗು. ಅದರಲ್ಲಿ ತರಗೆಲೆ ಕೊಳೆತು ಗೊಬ್ಬರವಾಗಬೇಕು. ಪ್ಲಾಸ್ಟಿಕ್ ಬಿದ್ದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಆ ತೋಟದ ಬದಲಿಗೆ ಈಗ ಒಂದೂವರೆ ಕಿಲೋಮೀಟರ್ ಪಂಚಾಯಿತಿ ರಸ್ತೆಯಲ್ಲಿ ಓಡಬೇಕು. ಇಡೀ ಓಟದಲ್ಲಿ ಅತ್ಯಂತ ಬೇಸರದ ಭಾಗ ಅದೇ, ಮತ್ತು ಅದಕ್ಕೆ ಕಾರಣ ನಡೆಸುವವರಲ್ಲ, ನಾವು.

ಈ ದಾರಿಯನ್ನು ಓಡುವ ಸ್ಥಿತಿಗೆ ತರುವ ಕೆಲಸ ಓಟಕ್ಕೆ ಹದಿನೈದು ದಿನ ಮುಂಚೆ, ಎರಡು ಶನಿವಾರ ಮತ್ತು ಎರಡು ಭಾನುವಾರ ನಡೆಯುತ್ತದೆ. ವರ್ಷಕ್ಕೆ 2,000 ಮಿಲಿಮೀಟರ್ ದಾಟುವ ಮಳೆ ಬೀಳುವ ಸೀಮೆಯಲ್ಲಿ ಕಾಲುದಾರಿಗೆ ಮೊದಲ ಶತ್ರು ನೀರು. ಇಳಿಜಾರಿನ ದಾರಿಯ ಮೇಲೆ ಬಿದ್ದ ನೀರು ಪಕ್ಕಕ್ಕೆ ಹೊರಟುಹೋಗದೆ ದಾರಿಯುದ್ದಕ್ಕೂ ಹರಿಯತೊಡಗಿದರೆ ಒಂದು ಮಳೆಗಾಲದಲ್ಲಿ ಗೀರು, ಎರಡನೆಯದರಲ್ಲಿ ಕಾಲುವೆ, ಮೂರನೆಯದರಲ್ಲಿ ಮೊಣಕಾಲೆತ್ತರದ ಕೊರಕಲು ತಯಾರಾಗುತ್ತದೆ; ನಡೆಯುವವರು ಕೊರಕಲನ್ನು ಬಿಟ್ಟು ಪಕ್ಕದ ಹುಲ್ಲು ತುಳಿಯತೊಡಗುತ್ತಾರೆ, ದಾರಿ ಅಗಲವಾಗುತ್ತದೆ, ಆ ಅಗಲವೂ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಇದಕ್ಕೆ ಮದ್ದು ದಾರಿಗೆ ಅಡ್ಡಲಾಗಿ, ಆದರೆ ನೇರ ಅಡ್ಡವಲ್ಲ, ಓರೆಯಾಗಿ ತೋಡುವ ಚರಂಡಿ. ನೇರ ಅಡ್ಡ ತೋಡಿದರೆ ನೀರು ಅಲ್ಲೇ ನಿಂತು ಹೂಳು ತುಂಬಿ, ಮುಂದಿನ ಜಡಿಮಳೆಗೆ ಚರಂಡಿಯನ್ನೇ ಹಾರಿ ಹೋಗುತ್ತದೆ. ಓರೆಯಾಗಿದ್ದರೆ ಹರಿವಿನ ವೇಗ ಉಳಿದು ಹೂಳನ್ನು ತಾನೇ ತಳ್ಳಿಕೊಂಡು ಹೊರಗೆ ಹೋಗುತ್ತದೆ. ನನಗೆ ಇದನ್ನು ಕಲಿಸಿದವರು ಮೂವತ್ತು ವರ್ಷ ಅದೇ ತೋಟದಲ್ಲಿ ದುಡಿದ ಒಬ್ಬ ಮೇಸ್ತ್ರಿ. ನಾನು ಅರ್ಧ ಗಂಟೆ ಬೆವರು ಸುರಿಸಿ ತೋಡಿದ ಚರಂಡಿಯನ್ನು ಅವರು ಒಂದು ನಿಮಿಷ ನೋಡಿ, ಕೊಡದಲ್ಲಿದ್ದ ನೀರನ್ನು ಮೇಲುಗಡೆಯಿಂದ ಸುರಿದರು. ನೀರು ಚರಂಡಿಯ ಬಾಯಿಗೆ ಬಂದು, ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ನಿಂತು, ನೆಟ್ಟಗೆ ದಾರಿಯ ಮೇಲೆಯೇ ಇಳಿದುಹೋಯಿತು. “ನೀರಿಗೆ ಒಪ್ಪಿಗೆ ಆಗ್ಲಿಲ್ಲ ಸಾರ್” ಎಂದು ಹೇಳಿ ಅವರು ಹಾರೆ ಕೈಗೆ ತೆಗೆದುಕೊಂಡರು.

ಉಳಿದ ಕೆಲಸ ಕತ್ತಿಯದು. ಮಳೆಗಾಲದಲ್ಲಿ ಬೇಲಿಯಂಚಿನ ಲಂಟಾನ ದಾರಿಗೆ ಚಾಚಿಕೊಂಡಿರುತ್ತದೆ; ಅದನ್ನು ಬರೀ ಸವರಿದರೆ ಸಾಲದು, ತಲೆಯೆತ್ತರಕ್ಕೆ ಬಾಗಿದ ರೆಂಬೆಗಳನ್ನೂ ತೆಗೆಯಬೇಕು, ಕಡಿದ ಮುಳ್ಳುಕಡ್ಡಿಗಳನ್ನು ದಾರಿಯಿಂದ ಆಚೆ ಎಳೆದುಹಾಕಬೇಕು. ಎರಡು ಹಳ್ಳಗಳಿಗೆ ಅಡಿಕೆ ಮರದ ಕಾಲುಸಂಕ ಹಾಕಬೇಕು, ಮತ್ತು ಅದರ ಮೇಲೆ ಕಾಲು ಜಾರದಂತೆ ಹಳೆಯ ಗೋಣಿಚೀಲ ಸುತ್ತಿ ಕಟ್ಟಬೇಕು. ಈ ಸಂಕಗಳನ್ನು ಓಟ ಮುಗಿದ ಮೇಲೂ ಬಿಚ್ಚುವುದಿಲ್ಲ. ತೋಟದ ಕಾರ್ಮಿಕರ ವಸತಿಯಾದ ಲೈನ್ ಮನೆಯ ಮಕ್ಕಳು ಶಾಲೆಗೆ ಹೋಗುವುದು ಅದರ ಮೇಲೆಯೇ. ಈ ಓಟಕ್ಕೆ ನಾನು ಕೊಡುವ ಮೊದಲ ಅಂಕ ಇದಕ್ಕಾಗಿ: ಹೊರಗಿನಿಂದ ಬಂದ ನಮಗಾಗಿ ಮಾಡಿದ ಏರ್ಪಾಟಿನಲ್ಲಿ ಬಹುಪಾಲು ಅಲ್ಲಿಯವರ ಉಪಯೋಗಕ್ಕೆ ಉಳಿಯುತ್ತದೆ.

ಓಟ ಬೆಳಿಗ್ಗೆ ಆರೂಕಾಲಿಗೆ, ಒಂದು ತೋಟದ ಕಾಫಿ ಕಣದಿಂದ ಆರಂಭವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರ. ಅಕ್ಟೋಬರಿನ ಮಂಜು, ಸಿಲ್ವರ್ ಓಕ್ ಮರಗಳಿಂದ ತೊಟ್ಟಿಕ್ಕುವ ಹನಿ. ನನ್ನ ಗಡಿಯಾರದ ಪ್ರಕಾರ ಒಟ್ಟು ಏರು 1,100 ಮೀಟರ್. ರಸ್ತೆಯಲ್ಲಿ ಓಡಿ ಅಭ್ಯಾಸವಾದವರು ‘ಮೂವತ್ತು ಕಿಲೋಮೀಟರ್ ತಾನೆ’ ಎಂದುಕೊಂಡು ಬಂದು ಕೆಡುವುದು ಇಲ್ಲೇ. ಟ್ರೇಲ್ ಓಟದ ಜಗತ್ತಿನಲ್ಲಿ ದೂರದ ಜೊತೆಗೆ ಪ್ರತಿ ನೂರು ಮೀಟರ್ ಏರಿಗೆ ಒಂದು ಕಿಲೋಮೀಟರ್ ಕೂಡಿಸಿ ಶ್ರಮವನ್ನು ಅಳೆಯುವ ರೂಢಿಯಿದೆ. ಆ ಲೆಕ್ಕದಲ್ಲಿ ಇದು ನಲವತ್ತೊಂದು. ಇಳಿಜಾರಿನ ಕೆಸರನ್ನು ಆ ಸೂತ್ರ ಎಣಿಸುವುದಿಲ್ಲ. ಮೊದಲ ಎಂಟು ಕಿಲೋಮೀಟರ್ ತೋಟದ ಜೀಪು ರಸ್ತೆ, ಹಾಯಾಗಿ ಓಡಬಹುದು. ಅರೇಬಿಕಾ ಹಣ್ಣು ಅಲ್ಲಲ್ಲಿ ಕೆಂಪಾಗಿರುತ್ತದೆ, ರೊಬಸ್ಟಾ ಇನ್ನೂ ಹಸಿರು. ನಂತರ ಬೇಲಿಯ ಬಾಯಿಗೆ ಅಡ್ಡಗೋಲು ಹಾಕಿದ ಉಣಗೋಲು ದಾಟಿ ಗದ್ದೆಗೆ ಇಳಿದರೆ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಹೋಗಬೇಕು, ಹಿಂದಿನವರನ್ನು ಮುಂದೆ ಬಿಡಲು ಜಾಗವಿಲ್ಲ. ತೆನೆ ಬಿಟ್ಟ ಭತ್ತ ಎರಡೂ ಕಡೆ; ಅದರೊಳಗೆ ಕಾಲಿಟ್ಟರೆ ಅನರ್ಹ ಎಂಬ ನಿಯಮವಿದೆ, ಈ ವರ್ಷ ಇಬ್ಬರನ್ನು ನಿಜವಾಗಿಯೂ ಅನರ್ಹಗೊಳಿಸಿದರು. ಒಬ್ಬರು ಮುಂಚೂಣಿಯಲ್ಲಿದ್ದವರು, ಜಗಳವಾಯಿತು, ನಡೆಸುವವರು ಬಗ್ಗಲಿಲ್ಲ. ಅವರ ಬಗ್ಗೆ ನನ್ನ ಗೌರವ ಆ ಹತ್ತು ನಿಮಿಷದಲ್ಲಿ ಇಮ್ಮಡಿಯಾಯಿತು.

ಹದಿನಾಲ್ಕನೆಯ ಕಿಲೋಮೀಟರಿನಿಂದ ಹತ್ತೊಂಬತ್ತರವರೆಗಿನ ಏರು ಈ ಓಟದ ತಿರುಳು. ಹೇಮಾವತಿಗೆ ಸೇರುವ ಹಳ್ಳವೊಂದರ ದಂಡೆ ಹಿಡಿದು ಹತ್ತಿ, ಏಲಕ್ಕಿಯ ಹಳೆಯ ಮಲೆಯೊಂದನ್ನು ದಾಟಿ, ಹುಲ್ಲಿನ ಬೋಳುಗುಡ್ಡದ ನೆತ್ತಿಗೆ ಬರುತ್ತೀರಿ. ಅಲ್ಲಿಂದ ಪಶ್ಚಿಮಕ್ಕೆ ಘಟ್ಟದ ಸಾಲು ಕಾಣುತ್ತದೆ ಎಂದು ಹೇಳುತ್ತಾರೆ. ಮೂರು ವರ್ಷವೂ ನಾನು ಕಂಡದ್ದು ಮಂಜು ಮಾತ್ರ. ನೆತ್ತಿಯಿಂದ ಇಳಿಯುವ ಎರಡು ಕಿಲೋಮೀಟರ್ ಕೆಮ್ಮಣ್ಣಿನ ಮೇಲೆ ಪಾಚಿ ಕಟ್ಟಿದ ದಾರಿ. ಅಟ್ಟೆಯಲ್ಲಿ ನಾಲ್ಕೈದು ಮಿಲಿಮೀಟರ್ ಆಳದ ಹಲ್ಲುಗಳಿಲ್ಲದ ಶೂ ಹಾಕಿಕೊಂಡು ಇಲ್ಲಿಗೆ ಬರಬೇಡಿ. ರಸ್ತೆಯ ದುಬಾರಿ ಶೂ ಧರಿಸಿ ಬಂದ ಗೆಳೆಯರೊಬ್ಬರು ಆ ಇಳಿಜಾರಿನ ಅರ್ಧವನ್ನು ಕುಳಿತುಕೊಂಡೇ ಮುಗಿಸಿದರು, ಪ್ಯಾಂಟು ಅಲ್ಲಿಗೇ ಮುಗಿಯಿತು.

ಇಂಬಳದ, ಅಂದರೆ ಜಿಗಣೆಯ, ಮಾತನ್ನು ಬಿಟ್ಟು ಮಲೆನಾಡಿನ ಓಟದ ವಿಮರ್ಶೆ ಪೂರ್ಣವಾಗಲಾರದು. ಅಕ್ಟೋಬರಿನಲ್ಲಿ ಅವು ಜುಲೈಯಷ್ಟು ಇರುವುದಿಲ್ಲ, ಆದರೆ ಹಳ್ಳದ ದಂಡೆಯಲ್ಲಿ ಇದ್ದೇ ಇರುತ್ತವೆ. ಓಡುತ್ತಿರುವವರಿಗೆ ಹತ್ತುವುದು ಕಡಿಮೆ; ನೀರು ಕುಡಿಯಲೆಂದು ನಿಂತ ಒಂದು ನಿಮಿಷದಲ್ಲಿ ಸಾಕ್ಸಿನ ಹೆಣಿಗೆಯೊಳಗೆ ತೂರುತ್ತವೆ. ಎರಡನೆಯ ನೀರಿನ ಜಾಗದಲ್ಲಿ ಒಬ್ಬ ಹುಡುಗ ಹೊಗೆಸೊಪ್ಪಿನ ಪುಡಿ ಮತ್ತು ಸುಣ್ಣದ ಡಬ್ಬಿ ಹಿಡಿದು ಇದಕ್ಕೆಂದೇ ಕುಳಿತಿದ್ದ. ಇಂಬಳಕ್ಕಿಂತ ನಿಜವಾಗಿ ಹೆದರಬೇಕಾದದ್ದು ಉಣುಗಿಗೆ, ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಪುಟ್ಟ ಹುಳುವಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ, ಮತ್ತು ಅದರ ಕಾಲ ಮುಖ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಮಂಜಿನಲ್ಲಿ ಓಡುವ ಬದಲು ಜನವರಿಯ ಶುಭ್ರ ಆಕಾಶದ ಕೆಳಗೆ ಓಟ ಇಡಬಾರದೇಕೆ ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ. ಉತ್ತರದ ಒಂದು ಭಾಗ ಇದು. ಇನ್ನೊಂದು ಭಾಗ, ಜನವರಿಯಲ್ಲಿ ಕಾಫಿ ಕೊಯ್ಲು ನಡೆಯುತ್ತಿರುತ್ತದೆ, ಕಣದಲ್ಲಿ ಹಣ್ಣು ಹರಡಿರುತ್ತದೆ, ಆಗ ನೂರ ನಲವತ್ತು ಜನ ಬಣ್ಣದ ಚಡ್ಡಿ ಹಾಕಿಕೊಂಡು ಬಂದರೆ ಯಾವ ಬೆಳೆಗಾರರೂ ಬಾಗಿಲು ತೆರೆಯುವುದಿಲ್ಲ.

ಇನ್ನು ದೂರುಗಳು. ಈ ವರ್ಷ ಪ್ಲಾಸ್ಟಿಕ್ ರಿಬ್ಬನ್ನುಗಳನ್ನು ಕೈಬಿಟ್ಟು, ಹಳೆಯ ಸೀರೆ ಹರಿದು ಮಾಡಿದ ಕೆಂಪು ಬಟ್ಟೆಪಟ್ಟಿಗಳನ್ನು ಕಟ್ಟಿದ್ದರು. ತಿರುವುಗಳಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬಾಣದ ಗುರುತು ಹಾಕಿದ್ದರು. ಆಲೋಚನೆ ಒಳ್ಳೆಯದು. ಆದರೆ ಹಿಂದಿನ ರಾತ್ರಿ ಬಂದ ಮಳೆ ಬಾಣಗಳನ್ನು ಅಳಿಸಿಹಾಕಿತ್ತು, ಮತ್ತು ಇಪ್ಪತ್ತೆರಡನೆಯ ಕಿಲೋಮೀಟರಿನ ಕವಲಿನಲ್ಲಿ ನಾನು ನಿಂತಾಗ ಬಟ್ಟೆಪಟ್ಟಿಯೂ ಕಾಣಲಿಲ್ಲ. ಕಂಡದ್ದು ಬೇಲಿಯ ಪಕ್ಕದಲ್ಲಿ ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದ ಒಂದು ಹಸು. ಅದರ ಬಾಯಿಯ ಅಂಚಿನಲ್ಲಿ ಎರಡಂಗುಲ ಕೆಂಪು ಬಟ್ಟೆ. ಎಳೆಯಲು ಹೋದೆ, ಅದು ಕೊಂಬು ತಿರುಗಿಸಿತು, ನಾನು ಎಡಗಡೆಯ ದಾರಿ ಹಿಡಿದೆ. ಹಿಡಿಯಬೇಕಾದದ್ದು ಬಲಗಡೆಯದು. ಒಂದು ಕಿಲೋಮೀಟರ್ ಹೋದ ಮೇಲೆ ಲೈನ್ ಮನೆಗಳ ಅಂಗಳ ಸಿಕ್ಕಿತು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರು ಅಟ್ಟಿಸ್ಕೊಂಡ್ ಬರ್ತಿದಾರಪ್ಪ?” ಎಂದು ಕೇಳಿದರು. ಯಾರೂ ಇಲ್ಲ, ನಾನಾಗಿಯೇ ಓಡುತ್ತಿದ್ದೇನೆ ಎಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ, ಆದರೂ ಮೊಮ್ಮಗನನ್ನು ಕರೆದು ಕವಲಿನವರೆಗೆ ಜೊತೆಗೆ ಕಳಿಸಿದರು. ಒಟ್ಟು ಆರು ಜನ ಅದೇ ಕವಲಿನಲ್ಲಿ ದಾರಿ ತಪ್ಪಿದ್ದರೆಂದು ಆಮೇಲೆ ತಿಳಿಯಿತು. ಅಂಥ ಕವಲಿನಲ್ಲಿ ಪಟ್ಟಿಯನ್ನು ನಂಬುವ ಬದಲು ಒಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಬೇರೆ ಎಲ್ಲ ಕವಲುಗಳಲ್ಲಿ ಜನರಿದ್ದರು, ಇಲ್ಲಿ ನಿಲ್ಲಬೇಕಾದವರು ಬಂದಿರಲಿಲ್ಲ, ಬದಲಿ ವ್ಯವಸ್ಥೆ ಇರಲಿಲ್ಲ.

ಎರಡನೆಯ ದೂರು ಇದಕ್ಕಿಂತ ಗಂಭೀರವಾದದ್ದು. ಕೊನೆಯ ನೀರಿನ ಜಾಗದಲ್ಲಿ ಇಪ್ಪತ್ತು ಲೀಟರಿನ ಕ್ಯಾನಿಗೆ ನಾಲ್ಕೇ ಓಆರ್‌ಎಸ್ ಪೊಟ್ಟಣ ಕಲಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿ ಇರುವುದು 20.5 ಗ್ರಾಂ ಪುಡಿ, ಅದು ಒಂದು ಲೀಟರಿಗೆ ಲೆಕ್ಕ. ಇಲ್ಲಿ ಕೊಟ್ಟದ್ದು ಐದರಲ್ಲೊಂದು ಪಾಲು ಉಪ್ಪಿನ ನೀರು. ನಾಲ್ಕೈದು ಗಂಟೆ ಬೆವರಿದವರು ಉಪ್ಪಿಲ್ಲದ ನೀರನ್ನೇ ಸುರಿದುಕೊಳ್ಳುತ್ತ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ತಲೆಸುತ್ತು, ವಾಕರಿಕೆ, ಮಿತಿಮೀರಿದರೆ ಪ್ರಜ್ಞೆ ತಪ್ಪುವ ಅಪಾಯವೂ ಇದೆ. ನೀರು ಕಡಿಮೆಯಾದಾಗ ಆಗುವ ಸುಸ್ತಿನ ಹಾಗೆಯೇ ಕಾಣುವುದರಿಂದ ಪಕ್ಕದಲ್ಲಿದ್ದವರು ಇನ್ನಷ್ಟು ನೀರು ಕುಡಿಸುತ್ತಾರೆ. ಅಲ್ಲಿದ್ದ ಕಾಲೇಜು ಹುಡುಗಿಯರಿಗೆ ಇದನ್ನು ಯಾರೂ ಹೇಳಿರಲಿಲ್ಲ, ತಪ್ಪು ಅವರದಲ್ಲ. ಮೊದಲ ಎರಡು ಜಾಗಗಳಲ್ಲಿ ಉಪ್ಪು ಸವರಿದ ಕಿತ್ತಳೆ ತೊಳೆ, ಮಜ್ಜಿಗೆ, ಬೆಲ್ಲದ ಉಂಡೆ, ನಿಂಬೆಕಾಯಿ ಉಪ್ಪಿನಕಾಯಿಯ ಹೋಳು ಇದ್ದವು. ಯಾವ ಕಂಪನಿಯ ಜೆಲ್‌ಗೂ ಕಡಿಮೆಯಿಲ್ಲದ ಆಹಾರ ಅದು. ಅದನ್ನೇ ಮೂರನೆಯ ಜಾಗದಲ್ಲೂ ಇಟ್ಟಿದ್ದರೆ ಓಆರ್‌ಎಸ್ ಗೊಂದಲವೇ ಇರುತ್ತಿರಲಿಲ್ಲ.

ಸುರಕ್ಷತೆಯಲ್ಲಿ ಒಂದು ಮೆಚ್ಚುಗೆ, ಒಂದು ಆಕ್ಷೇಪ. ಮೂಡಿಗೆರೆ ಸುತ್ತಮುತ್ತ ಕಾಡಾನೆಗಳ ಓಡಾಟ ಇರುವುದರಿಂದ ಹಿಂದಿನ ರಾತ್ರಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಂದ ಮಾಹಿತಿ ಪಡೆದು, ಬೆಳಿಗ್ಗೆ ಐದಕ್ಕೆ ಎರಡು ಜೀಪು ದಾರಿಯುದ್ದಕ್ಕೂ ಹೋಗಿಬಂದ ಮೇಲೆಯೇ ಓಟ ಬಿಟ್ಟರು. ಕಳೆದ ವರ್ಷ ಹೀಗೆಯೇ ಒಂದು ತೋಟದಲ್ಲಿ ಆನೆ ಇದೆಯೆಂದು ತಿಳಿದು ಓಟವನ್ನು ಒಂದೂವರೆ ಗಂಟೆ ತಡ ಮಾಡಿ, ಆರು ಕಿಲೋಮೀಟರ್ ಕತ್ತರಿಸಿದ್ದರು. ಆಕ್ಷೇಪವೆಂದರೆ, ಮಳೆಯಂಗಿ, ಸೀಟಿ, ಚಾರ್ಜ್ ಇರುವ ಮೊಬೈಲ್ ಕಡ್ಡಾಯ ಎಂದು ನಿಯಮದಲ್ಲಿ ಬರೆದಿದ್ದರೂ ಈ ವರ್ಷ ಯಾರ ಚೀಲವನ್ನೂ ತೆರೆದು ನೋಡಲಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದ ನೂರು ಕಿಲೋಮೀಟರ್ ಓಟದಲ್ಲಿ ಇದ್ದಕ್ಕಿದ್ದಂತೆ ಎರಗಿದ ಚಳಿಗಾಳಿ ಮಳೆಗೆ 21 ಜನ ಓಟಗಾರರು ಬಲಿಯಾದರು. ಗಾಳಿ ತಡೆಯುವ ಅಂಗಿ ಅಲ್ಲಿ ಕಡ್ಡಾಯವಾಗಿರಲಿಲ್ಲ. ನಮ್ಮ ಗುಡ್ಡ ಅಷ್ಟು ಎತ್ತರದ್ದಲ್ಲ, ಒಪ್ಪುತ್ತೇನೆ. ಆದರೆ ನೆನೆದ ತೆಳು ಬನಿಯನ್ನಿನಲ್ಲಿ, ಬೋಳುಗುಡ್ಡದ ಗಾಳಿಯಲ್ಲಿ, ಕಾಲು ಉಳುಕಿಸಿಕೊಂಡು ಒಂದು ಗಂಟೆ ಕುಳಿತವರಿಗೆ ನಡುಕ ಹುಟ್ಟಲು ಹಿಮಾಲಯವೇ ಬೇಕಿಲ್ಲ.

ಸ್ವಯಂಸೇವಕರು ಎಂಬ ಪದದ ಬಗ್ಗೆಯೂ ಹೇಳಬೇಕಾದದ್ದಿದೆ. ಮೊದಲ ವರ್ಷ ಗೇಟುಗಳ ಬಳಿ ನಿಂತಿದ್ದವರಲ್ಲಿ ಹಲವರು ತೋಟದ ಕಾರ್ಮಿಕರು, ತೋಟದ ಲೆಕ್ಕಪತ್ರ ನೋಡುವ ರೈಟರು ಹೇಳಿ ಕಳಿಸಿದ್ದರಿಂದ ಬಂದವರು. ಭಾನುವಾರ ಅವರಿಗೆ ಇರುವ ಒಂದೇ ಬಿಡುವು. ಯಜಮಾನರ ಮಾತಿಗೆ ಇಲ್ಲವೆನ್ನಲಾಗದೆ ಬಿಡುವಿನ ದಿನ ಐದು ಗಂಟೆ ನಿಂತವರನ್ನು ಸ್ವಯಂಸೇವಕರು ಎಂದು ವಂದನಾರ್ಪಣೆಯಲ್ಲಿ ಹೊಗಳುವುದು ನನಗೆ ಸರಿಕಾಣಲಿಲ್ಲ, ಅದನ್ನು ನಡೆಸುವವರಿಗೆ ಪತ್ರ ಬರೆದು ತಿಳಿಸಿದ್ದೆ. ನನ್ನೊಬ್ಬನ ಪತ್ರದಿಂದಲೇ ಎಂದು ಹೇಳಲಾರೆ, ಆದರೆ ಕಳೆದ ವರ್ಷದಿಂದ ಕಾರ್ಮಿಕರಾಗಿ ಬಂದವರಿಗೆ ಪೂರ್ತಿ ದಿನದ ಕೂಲಿ ಕೊಡುತ್ತಿದ್ದಾರೆ, ತಿಂಡಿ ಮಾಡುವ ಸ್ವಸಹಾಯ ಸಂಘದ ಹೆಂಗಸರಿಗೆ ತಟ್ಟೆಯ ಲೆಕ್ಕದಲ್ಲಿ ಹಣ ಕೊಡುತ್ತಿದ್ದಾರೆ. ಈಗ ಉಳಿದ ಸ್ವಯಂಸೇವಕರು ನಿಜವಾಗಿಯೂ ತಾವಾಗಿ ಬಂದವರು: ಊರಿನ ಯುವಕರು, ಕಾಲೇಜಿನವರು, ನನ್ನಂಥ ಮೊಣಕಾಲು ನೋವಿನ ಓಟಗಾರರು.

ಇಂಥವರ ಸಂಖ್ಯೆ ಇನ್ನೂ ಹೆಚ್ಚಬೇಕಾದರೆ ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿ ಓಟದಲ್ಲಿರುವ ನಿಯಮವನ್ನು ಇಲ್ಲಿಯೂ ತರಬಹುದು. ಅಲ್ಲಿ ಓಡಲು ಅವಕಾಶ ಪಡೆದವರು ದಾರಿ ದುರಸ್ತಿಯನ್ನೋ ಬೇರೊಂದು ಓಟದ ಕೆಲಸವನ್ನೋ ಎಂಟು ಗಂಟೆ ಮಾಡಿ ತೋರಿಸಬೇಕು. ಬೆಂಗಳೂರಿನಿಂದ ಎರಡು ಸಲ ಬರುವುದು ಕಷ್ಟ ಎನ್ನುವವರಿಗೆ, ಕನಕಪುರ ರಸ್ತೆಯ ಪಕ್ಕದ ತುರಹಳ್ಳಿ ಕಾಡಿನಲ್ಲಿ ಕಸ ಹೆಕ್ಕಿದ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಲಿ. ನಾನು ಅಭ್ಯಾಸ ಮಾಡುವುದು ಅಲ್ಲಿಯೇ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳು, ಸೈಕಲ್ಲಿನವರು, ಓಟಗಾರರು ಸೇರಿ ವಿರೋಧಿಸಿದ್ದು ಹಲವರಿಗೆ ನೆನಪಿರಬಹುದು. ಬೆಂಗಳೂರಿನವರು ಮೂಡಿಗೆರೆಗೆ ಹೊರಡುವ ಮೊದಲು ಅಲ್ಲಿನ ಬಂಡೆ, ಜಲ್ಲಿ, ಗುಡ್ಡದ ಮೇಲೆ ಆರೆಂಟು ವಾರ ಓಡಿ ಕಣಕಾಲು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು; ಕೆಸರಿನ ಅಭ್ಯಾಸಕ್ಕೆ ಮಾತ್ರ ಬೇರೆ ಉಪಾಯವಿಲ್ಲ. ಸಮಯದ ದಾಖಲೆ ಬೇಕೆನ್ನುವವರು ಇಲ್ಲಿಗೆ ಬರಬೇಡಿ. ಫಲಿತಾಂಶವನ್ನು ಒಬ್ಬ ಹೈಸ್ಕೂಲು ಹುಡುಗ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾನೆ, ಅದು ನಿಮ್ಮ ಕೈಸೇರಲು ನಾಲ್ಕು ದಿನ ಬೇಕು, ನನ್ನ ಹೆಸರಿನ ಮುಂದೆ ಈ ಸಲ ಬೇರೊಬ್ಬರ ಸಮಯವಿತ್ತು. ನನ್ನದಕ್ಕಿಂತ ಒಳ್ಳೆಯ ಸಮಯವಾದ್ದರಿಂದ ತಿದ್ದಲು ಹೇಳಿಲ್ಲ.

ತಿಂಡಿಯ ಬಗ್ಗೆ ಹೆಚ್ಚು ಬರೆಯದಿರುವುದು ಕ್ಷೇಮ, ಬರೆದರೆ ಬರೀ ತಿಂಡಿಗಾಗಿ ಬರುವವರು ಹೆಚ್ಚುತ್ತಾರೆ. ಬಿಸಿ ಕಡುಬು, ಕೋಳಿ ಸಾರು, ಸಸ್ಯಾಹಾರಿಗಳಿಗೆ ಕಾಯಿ ಚಟ್ನಿ ಮತ್ತು ಕಳಲೆ ಪಲ್ಯ. ಮಧ್ಯಾಹ್ನ ಎರಡರ ನಂತರ ಬಂದವರಿಗೂ ಕಡುಬು ಬಿಸಿಯಾಗಿಯೇ ಇತ್ತು, ಮೊದಲು ಬಂದವರಿಗೆ ಬಡಿಸಿದ ಕೈಯಲ್ಲೇ ಬಡಿಸಿದರು. ಎಷ್ಟೋ ಓಟಗಳಲ್ಲಿ ಕೊನೆಯವರು ಬರುವ ಹೊತ್ತಿಗೆ ಶಾಮಿಯಾನ ಬಿಚ್ಚಿರುತ್ತಾರೆ.

ಓಟದ ಕೊನೆಯ ವ್ಯಕ್ತಿಯ ಹಿಂದೆ ಇಬ್ಬರು ಹುಡುಗರು ನಡೆದುಕೊಂಡು ಬರುತ್ತಾರೆ, ಹೆಗಲಲ್ಲಿ ಗೋಣಿಚೀಲ. ಕಟ್ಟಿದ ಪ್ರತಿಯೊಂದು ಪಟ್ಟಿಯನ್ನೂ ಬಿಚ್ಚಿ, ಸಿಕ್ಕ ಕಸವನ್ನೆಲ್ಲ ಹೆಕ್ಕಿ ತರುವುದು ಅವರ ಕೆಲಸ. ಮೂರೂವರೆಗೆ ಅವರು ಕಣಕ್ಕೆ ಬಂದು ಚೀಲ ಸುರಿದಾಗ, ಮುಖ್ಯೋಪಾಧ್ಯಾಯರಂತೆ ಕಾಣುವ ಒಬ್ಬರು ಕುರ್ಚಿ ಹಾಕಿಕೊಂಡು ಪಟ್ಟಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಎಣಿಸತೊಡಗಿದರು. ಕಟ್ಟಿದ್ದು 420, ಮರಳಿ ಬಂದದ್ದು 397. ಉಳಿದ ಇಪ್ಪತ್ಮೂರನ್ನು ಹುಡುಕಲು ಮರುದಿನ ಬೆಳಿಗ್ಗೆ ಯಾರು ಹೋಗಬೇಕೆಂದು ಚರ್ಚೆ ನಡೆಯಿತು. ನಾನು ಎರಡನೆಯ ಲೋಟ ಕಾಫಿ ಕೆಳಗಿಟ್ಟು ಹತ್ತಿರ ಹೋಗಿ, ಇಪ್ಪತ್ತೆರಡನ್ನು ಮಾತ್ರ ಹುಡುಕಿದರೆ ಸಾಕು ಎಂದು ಹಸುವಿನ ವಿಷಯ ತಿಳಿಸಿದೆ. ಅವರು ನಗಲಿಲ್ಲ. ಯಾವ ಕವಲು, ಹಸುವಿನ ಬಣ್ಣ ಯಾವುದು, ಕೊರಳಲ್ಲಿ ಗಂಟೆಯಿತ್ತೇ ಎಂದು ವಿಚಾರಿಸಿ, ಹಸು ಯಾರದೆಂದು ಗುರುತು ಹಿಡಿದು, ಅದರ ಮನೆಯವರಿಗೆ ಅಲ್ಲಿಂದಲೇ ಫೋನು ಮಾಡಿದರು.